ಅಟ್ಟ ಇಳಿಸಿದ ವರ್ಷ

ಕೇಳುಗರಿಗೆಲ್ಲ ನಮಸ್ಕಾರ.

ಹೊಸನಗರ ತಾಲ್ಲೂಕಿನ ಒಂದು ಸಣ್ಣ ಊರಿನಲ್ಲಿ ನಲವತ್ತೊಂದು ವರ್ಷ ಸಂಸಾರ ಮಾಡಿದವಳು ನಾನು. ಕಳೆದ ವರ್ಷ ಯುಗಾದಿ ಮುಗಿದ ಮೇಲೆ ನಾನೂ ನಮ್ಮ ಮನೆಯವರೂ ಶಿವಮೊಗ್ಗಕ್ಕೆ ಬಂದು ಎರಡು ಕೋಣೆಯ ಮನೆಯೊಂದರಲ್ಲಿ ನೆಲೆಸಿದ್ದೇವೆ. ಮಗಳ ಮನೆ ಮೂರು ತಿರುವು ದಾಟಿದರೆ ಸಿಗುತ್ತದೆ. ಹೀಗೆ ಬಂದದ್ದು ಹೇಗೆ, ಏನನ್ನು ಬಿಟ್ಟೆವು, ಏನನ್ನು ತಂದೆವು ಎಂದು ಹೇಳಲು ಈ ಹೊತ್ತು ಕುಳಿತಿದ್ದೇನೆ. ನನ್ನ ಹಾಗೆಯೇ ದೊಡ್ಡ ಮನೆಯಲ್ಲಿ ಇಬ್ಬರೇ ಉಳಿದಿರುವವರು ಮಲೆನಾಡಿನಲ್ಲಿ ಬಹಳ ಮಂದಿ ಇದ್ದೀರಿ ಎಂಬುದು ನನಗೆ ಗೊತ್ತು.

ನಮ್ಮದು ಹೆಬ್ಬಾಗಿಲು, ಜಗಲಿ, ನಡುಮನೆ, ಬಾಣಂತಿ ಕೋಣೆ, ಉಗ್ರಾಣ, ಕೊಟ್ಟಿಗೆ ಎಲ್ಲ ಇದ್ದ ಹೆಂಚಿನ ಮನೆ. ಅಡಿಕೆ ಸುಲಿಯುವ ದಿನಗಳಲ್ಲಿ ಊಟಕ್ಕೆ ಇಪ್ಪತ್ತು ಎಲೆ ಬೀಳುತ್ತಿತ್ತು. ಅತ್ತೆ, ಮಾವ ತೀರಿಕೊಂಡರು, ಮಕ್ಕಳು ಓದಲು ಹೊರಟರು, ನಾನು ಶಾಲೆಯ ಕೆಲಸದಿಂದ ನಿವೃತ್ತಳಾದೆ. ಕೊನೆಯ ಆರೇಳು ವರ್ಷ ನಾವು ಬಳಸುತ್ತಿದ್ದುದು ಅಡುಗೆಮನೆ ಮತ್ತು ಒಂದು ಕೋಣೆ ಮಾತ್ರ. ಉಳಿದ ಕೋಣೆಗಳನ್ನು ವಾರಕ್ಕೊಮ್ಮೆ ಗುಡಿಸಿ ಬಾಗಿಲು ಹಾಕಿಕೊಂಡು ಬರುತ್ತಿದ್ದೆ.

ಎರಡು ವರ್ಷದ ಹಿಂದೆ ಪುನರ್ವಸು ಮಳೆ ಹಿಡಿದಿದ್ದಾಗ ನಮ್ಮ ಮನೆಯವರು ಬಚ್ಚಲಿಗೆ ಹೋಗುವ ಪಾಚಿಗಟ್ಟಿದ ಕಲ್ಲಿನ ಮೇಲೆ ಜಾರಿ ಬಿದ್ದರು. ಕರೆಂಟು ಹೋಗಿ ಮೂರು ದಿನವಾಗಿತ್ತು. ಮೊಬೈಲಿಗೆ ಸಿಗ್ನಲ್ ಬೇಕೆಂದರೆ ಗುಡ್ಡದ ನೆತ್ತಿ ಹತ್ತಬೇಕು. ಅವರನ್ನು ಗೋಡೆಗೆ ಒರಗಿಸಿ, ಕಂಬಳಿ ಹೊದಿಸಿ, ಕೊಡೆ ಹಿಡಿದು ತೋಟದ ಸಂಕ ದಾಟಿ ಪಕ್ಕದ ಮನೆಗೆ ಓಡಿದೆ. ಅವರು ಜೀಪು ತಂದರು. ದಾರಿಯಲ್ಲಿ ಮರ ಬಿದ್ದಿತ್ತು, ಅದನ್ನು ಕಡಿದು ಸರಿಸಿದರು. ಶಿವಮೊಗ್ಗದ ಆಸ್ಪತ್ರೆ ಮುಟ್ಟುವಾಗ ಕತ್ತಲಾಗಿತ್ತು. ಮೊಣಕೈ ಮುರಿದಿತ್ತು, ಅಷ್ಟೇ. ಆದರೆ ಜೀಪಿನಲ್ಲಿ ಅವರ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಾಗಲೇ ನನ್ನ ಮನಸ್ಸು ಗಟ್ಟಿಯಾಗಿತ್ತು. ಇನ್ನೊಂದು ಸಲ ಬಿದ್ದು, ಬೇರೆಯವರು ನಮ್ಮನ್ನು ಎತ್ತಿಕೊಂಡು ಹೋಗುವ ಮೊದಲು, ನಾವೇ ನಡೆದುಕೊಂಡು ಹೊರಡಬೇಕು.

ಇದನ್ನು ಇಷ್ಟು ಒತ್ತಿ ಹೇಳಲು ಬೇರೊಂದು ಕಾರಣವೂ ಇದೆ. ನನ್ನ ತವರು ಶರಾವತಿಯ ದಂಡೆಯಲ್ಲಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು, ಅದರ ನೀರಿನಲ್ಲಿ ನಮ್ಮೂರು ಮುಳುಗಿತು. ಆಗ ನನಗೆ ಏಳು ವರ್ಷ. ಹೆಂಚು ಇಳಿಸಿ ಲಾರಿಗೆ ತುಂಬಿದ್ದು, ಅಪ್ಪ ಹೆಬ್ಬಾಗಿಲಿನ ಚೌಕಟ್ಟನ್ನು ಕೀಳಿಸಿ ತಂದದ್ದು, ಅಮ್ಮ ತುಳಸಿಕಟ್ಟೆಯ ಮಣ್ಣನ್ನು ಸೆರಗಿನಲ್ಲಿ ಕಟ್ಟಿಕೊಂಡದ್ದು ಕಣ್ಣಿಗೆ ಕಟ್ಟಿದಂತಿದೆ. ಅಮ್ಮ ಸಾಯುವವರೆಗೂ ‘ಅದೊಂದು ಮರಿಗೆ ಪಾತ್ರೆ ಅಲ್ಲೇ ಉಳಿಯಿತು’ ಎಂದು ಹೇಳುತ್ತಲೇ ಇದ್ದರು. ಹೊರಡುವ ದಿನವನ್ನು ಅವರು ಆರಿಸಿಕೊಂಡಿರಲಿಲ್ಲ, ನೀರು ಆರಿಸಿತ್ತು. ನಮಗೆ ಆರಿಸಿಕೊಳ್ಳುವ ಅವಕಾಶವಿತ್ತು. ಅದನ್ನು ಕೈಬಿಟ್ಟರೆ ಅಮ್ಮನಿಗೆ ಅನ್ಯಾಯ ಮಾಡಿದಂತೆ ಎನ್ನಿಸಿತು.

ಎಲ್ಲಿಗೆ ಹೋಗುವುದು? ಬೆಂಗಳೂರಿನಲ್ಲಿರುವ ಮಗ ಕರೆದ. ಹದಿನೈದು ದಿನ ಇದ್ದು ನೋಡಿದೆವು. ಮಗ, ಸೊಸೆ ಚೆನ್ನಾಗಿಯೇ ನೋಡಿಕೊಂಡರು. ಆದರೆ ಆ ಹದಿನೈದು ದಿನದಲ್ಲಿ ನಮ್ಮ ಮನೆಯವರನ್ನು ಹೆಸರು ಹಿಡಿದು ಮಾತನಾಡಿಸಿದವರು ಯಾರೂ ಇರಲಿಲ್ಲ. ಶಿವಮೊಗ್ಗ ಹಾಗಲ್ಲ. ನಮ್ಮ ಕಡೆಯವರು ಆಸ್ಪತ್ರೆಗೆ, ಮದುವೆ ಜವಳಿಗೆ, ಅಡಿಕೆ ಮಾರಲು ಬರುವುದು ಇಲ್ಲಿಗೇ. ಮಗಳೂ ಇಲ್ಲೇ ಬ್ಯಾಂಕಿನಲ್ಲಿದ್ದಾಳೆ.

ಅವಳಿಗೆ ನಾವು ಬೇರೆ ಮನೆ ಮಾಡಿದ್ದು ನೋವಾಯಿತು. ‘ಅಮ್ಮಾ, ನನ್ನ ಮನೆ ಇರುವಾಗ ಬಾಡಿಗೆ ಮನೆ ಯಾಕೆ?’ ಎಂದು ಕಣ್ಣೀರು ಹಾಕಿದಳು. ‘ಪುಟ್ಟೀ, ನಿನ್ನ ಅಡುಗೆಮನೆ ನಿನ್ನದು. ನನಗೂ ನನ್ನದೊಂದು ಒಲೆ ಬೇಕು. ಹತ್ತಿರ ಇರೋಣ, ಒಬ್ಬರ ಕಾಲಿಗೆ ಒಬ್ಬರು ತೊಡರುವುದು ಬೇಡ’ ಎಂದೆ. ಎರಡು ದಿನ ಮಾತು ಬಿಟ್ಟಿದ್ದಳು. ಮೂರನೆಯ ದಿನ ಅವಳೇ ಬಂದು ಬಚ್ಚಲಿಗೆ ಹಿಡಿಕೆ ಹಾಕಿಸಿಕೊಟ್ಟಳು. ನಾವು ಮನೆ ಹುಡುಕಿದ್ದೂ ಹಾಗೆಯೇ: ನೆಲಮಹಡಿ, ಮೆಟ್ಟಿಲಿಲ್ಲ, ಜಾರದ ನೆಲ, ನಡೆದು ಹೋಗುವಷ್ಟು ದೂರದಲ್ಲಿ ಔಷಧಿ ಅಂಗಡಿ.

ಕಷ್ಟವಾದದ್ದು ಅಟ್ಟ. ಅದನ್ನು ಇಳಿಸಲು ನಮಗೆ ಮೂರು ತಿಂಗಳು ಹಿಡಿಯಿತು. ಕೊಪ್ಪರಿಗೆ, ಕೊಳಗ, ಸೇರು, ಪಾವು, ಕಡಗೋಲು, ತೊಟ್ಟಿಲು, ನನ್ನ ನಾದಿನಿಯರು ಬರೆದ ನೀಲಿ ಇನ್‌ಲ್ಯಾಂಡ್ ಕಾಗದಗಳ ಕಟ್ಟು. ಗುಜರಿಯವನು ಒಂದೇ ದಿನದಲ್ಲಿ ಎಲ್ಲವನ್ನೂ ತೂಗಿ ಒಯ್ಯುತ್ತೇನೆಂದ. ಒಪ್ಪಲಿಲ್ಲ. ಬಳಸುವವರಿಗೇ ಕೊಡಬೇಕು, ನಾನೇ ಕೈಯಾರೆ ಕೊಡಬೇಕು, ಅದು ಯಾರದೆಂದು ಹೇಳಿಯೇ ಕೊಡಬೇಕು ಎಂದು ನಿಶ್ಚಯಿಸಿದ್ದೆ. ತೊಟ್ಟಿಲು ಕೆಳಗಿನ ಕೇರಿಯ ಬಸುರಿ ಹುಡುಗಿಗೆ ಹೋಯಿತು. ಬಚ್ಚಲಿನ ತಾಮ್ರದ ಹಂಡೆಯನ್ನು ಹುಣಸೆಹಣ್ಣು, ಬೂದಿ ಹಾಕಿ ಒಂದಿಡೀ ಬೆಳಿಗ್ಗೆ ತಿಕ್ಕಿದೆ. ಮಸಿ ಬಿಟ್ಟಂತೆ ಕಂಠದ ಸುತ್ತ ಚುಕ್ಕಿ ಚುಕ್ಕಿಯಾಗಿ ಕೊರೆದಿದ್ದ ಅಕ್ಷರ ಎದ್ದು ಬಂತು. ಮಾವನವರ ತಂದೆಯ ಹೆಸರು. ನಲವತ್ತು ವರ್ಷ ಆ ಹಂಡೆಯ ನೀರಿನಲ್ಲಿ ಸ್ನಾನ ಮಾಡಿದ್ದೆ, ಹೆಸರನ್ನು ನೋಡಿದ್ದು ಅಂದೇ. ಅದನ್ನು ಮೈದುನನ ಸೊಸೆಗೆ ಕೊಟ್ಟೆ. ಈಗ ತೋಟ, ಮನೆ ಎರಡನ್ನೂ ನೋಡಿಕೊಳ್ಳುವವರು ಮೈದುನನ ಕುಟುಂಬದವರೇ.

ನಾನು ತಂದುಕೊಂಡದ್ದು ಸ್ವಲ್ಪ. ಮೆಟ್ಟುಗತ್ತಿ, ದೇವರ ಪೆಟ್ಟಿಗೆ, ಮಿಡಿ ಉಪ್ಪಿನಕಾಯಿಯ ಎರಡು ಭರಣಿಗಳಲ್ಲಿ ಸಣ್ಣದು, ಅಮ್ಮನ ಹಿತ್ತಾಳೆ ಚೊಂಬು. ಆ ಚೊಂಬಿನ ಮೇಲೆ ಮುಳುಗಿಹೋದ ನಮ್ಮೂರಿನ ಹೆಸರಿದೆ.

ಇನ್ನು ಆಸ್ತಿಯ ವಿಷಯ. ಮಕ್ಕಳ ಹತ್ತಿರ ಬಂದೆವೆಂದು ಎಲ್ಲವನ್ನೂ ಅವರ ಹೆಸರಿಗೆ ಬರೆದುಕೊಡುವ ಆತುರ ಬೇಡ ಎಂದು ಕೈಮುಗಿದು ಹೇಳುತ್ತೇನೆ. ಮಕ್ಕಳು ಕೆಟ್ಟವರೆಂದು ಹೀಗೆ ಹೇಳುತ್ತಿಲ್ಲ. ಕೈಯಲ್ಲಿ ಏನಾದರೂ ಇದ್ದವರ ಮಾತಿಗೆ ನೆಟ್ಟಗಿನ ಬೆನ್ನು ಇರುತ್ತದೆ. ನಾವು ಮರಣಶಾಸನ ಬರೆಸಿದೆವು. ಅದಕ್ಕೆ ಇಬ್ಬರು ಸಾಕ್ಷಿಗಳ ಸಹಿ ಬೇಕೇ ಬೇಕು. ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿದೆವು. ಬದುಕಿರುವವರೆಗೆ ಅದನ್ನು ಬದಲಿಸಬಹುದು. ದಾನಪತ್ರ ಹಾಗಲ್ಲ, ಕೊಟ್ಟರೆ ಕೊಟ್ಟಂತೆಯೇ. ಕೊಡಲೇಬೇಕೆಂದಿದ್ದರೆ ‘ನಮ್ಮನ್ನು ನೋಡಿಕೊಳ್ಳಬೇಕು’ ಎಂಬ ಷರತ್ತನ್ನು ಪತ್ರದಲ್ಲಿಯೇ ಬರೆಸಿಕೊಳ್ಳಿ. ಷರತ್ತು ತಪ್ಪಿದರೆ ಅಂಥ ದಾನವನ್ನು ರದ್ದುಪಡಿಸಿಕೊಳ್ಳಲು ಹಿರಿಯ ನಾಗರಿಕರಿಗಾಗಿ 2007ರಲ್ಲಿ ಬಂದ ಕಾಯ್ದೆಯಲ್ಲಿ ದಾರಿಯಿದೆ. ಅರ್ಜಿ ಕೊಡಬೇಕಾದದ್ದು ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ. ನಮ್ಮ ಜಿಲ್ಲೆಯಲ್ಲಿ ಶಿವಮೊಗ್ಗ ಮತ್ತು ಸಾಗರ ಎಂದು ಎರಡು ಉಪವಿಭಾಗಗಳಿವೆ. ಕೇಳಿ ತಿಳಿಯಲು 14567 ಎಂಬ ಸಹಾಯವಾಣಿಯೂ ಇದೆ.

ತೋಟ ನಮ್ಮ ಹೆಸರಿನಲ್ಲೇ ಇದೆ. ಗೇಣಿ ಎಂದರೆ, ಗೇಣಿ ಭೂಮಿ ಉಳುವವರದೇ ಆದ 1974ರ ಭೂಸುಧಾರಣೆಯ ನೆನಪಿರುವ ಹಿರಿಯರು ಇವತ್ತಿಗೂ ಬೆಚ್ಚುತ್ತಾರೆ. ನಾವು ಅಡಿಕೆ ಕೊನೆ ಕೊಯ್ಯುವ ಮೊದಲೇ ಫಸಲನ್ನು ಮಾತ್ರ ಚೇಣಿಗೆ, ಅಂದರೆ ಗುತ್ತಿಗೆಗೆ, ಕೊಟ್ಟೆವು. ಔಷಧಿ ಹೊಡೆಸುವುದು, ಬೇಲಿ ನೋಡುವುದು ಮೈದುನನ ಮಗನ ಹೊಣೆ.

ಎಲ್ಲವೂ ಸುಖವಾಗಿದೆ ಎಂದರೆ ಸುಳ್ಳಾಗುತ್ತದೆ. ಮೊದಲ ಮಳೆಗಾಲದಲ್ಲಿ ನಮ್ಮ ಮನೆಯವರು ರಾತ್ರಿ ಎದ್ದು ಕೂರುತ್ತಿದ್ದರು. ‘ಹೊರಗೆ ಮಳೆ ಬರುತ್ತಿದೆ, ಆದರೆ ಸದ್ದೇ ಇಲ್ಲ’ ಎನ್ನುತ್ತಿದ್ದರು. ಹೆಂಚಿನ ಮೇಲೆ ಮಳೆ ಬೀಳುವುದನ್ನು ಕೇಳಿಯೇ ನಿದ್ದೆ ಹೋಗುತ್ತಿದ್ದವರಿಗೆ ತಾರಸಿಯ ಕೆಳಗೆ ನಿದ್ದೆ ಬಾರದು. ಎಂಟು ತಿಂಗಳು ಅವರು ಸೊರಗಿದರು. ನಾನು ತಪ್ಪು ಮಾಡಿದೆನೇ ಎಂದು ಎಷ್ಟೋ ರಾತ್ರಿ ಅಂಜಿದ್ದೇನೆ. ಮಗಳಿಗೆ ಮಾತ್ರ ಹೇಳಿಕೊಳ್ಳಲಿಲ್ಲ.

ಅವರನ್ನು ಚೇತರಿಸಿದ್ದು ಅಡಿಕೆಯೇ. ಮ್ಯಾಮ್ಕೋಸ್ ಎಂದು ಎಲ್ಲರೂ ಕರೆಯುವ, 1939ರಲ್ಲಿ ಆರಂಭವಾದ ಬೆಳೆಗಾರರ ಸಹಕಾರ ಸಂಘಕ್ಕೆ ಅವರು ಹಳೆಯ ಸದಸ್ಯರು. ಒಂದು ದಿನ ಅತ್ತ ಹೋದವರು ಮಧ್ಯಾಹ್ನ ಊಟದ ಹೊತ್ತು ದಾಟಿಸಿ ಬಂದರು. ಊರಿನ ನಾಲ್ವರು ಸಿಕ್ಕಿದ್ದರಂತೆ. ಯಾರ ತೋಟಕ್ಕೆ ಎಲೆಚುಕ್ಕಿ ರೋಗ ಬಂದಿದೆ, ಯಾರ ಮಗಳಿಗೆ ಗಂಡು ಗೊತ್ತಾಯಿತು, ಸರಕು, ರಾಶಿ ಇಡಿ ಎಂಬ ಬಗೆಯ ಅಡಿಕೆಗೆ ಧಾರಣೆ ಎಷ್ಟು ಎಂದೆಲ್ಲ ಬಡಿಸುವಾಗ ಹೇಳಿದರು. ಅಂದಿನಿಂದ ವಾರಕ್ಕೆ ಎರಡು ಸಲ ಹೋಗುತ್ತಾರೆ. ತಿಂಗಳಿಗೊಮ್ಮೆ ಬೆಳಗಿನ ಬಸ್ಸು ಹತ್ತಿ ತೋಟ ನೋಡಿ ಬರುತ್ತಾರೆ. ಸಂಜೆ ತುಂಗೆಯ ದಡದವರೆಗೆ ಇಬ್ಬರೂ ನಡೆಯುತ್ತೇವೆ.

ಮೊನ್ನೆ ಮೈದುನನ ಸೊಸೆ ಫೋನ್ ಮಾಡಿದ್ದಳು. ‘ದೊಡ್ಡತ್ತೆ, ಹಂಡೆಗೆ ಹೊಸ ಒಲೆ ಕಟ್ಟಿಸಿದೆವು. ನೀವು ಬಂದಾಗ ಅದರದ್ದೇ ನೀರು’ ಎಂದಳು. ಈ ಸಲ ಹಬ್ಬಕ್ಕೆ ಹೋಗಬೇಕು.

ಇವತ್ತು ಮಗಳಿಗೆ ಬ್ಯಾಂಕಿನಲ್ಲಿ ಕೆಲಸ ಹೆಚ್ಚು. ಮೊಮ್ಮಗಳು ಶಾಲೆಯಿಂದ ನೇರ ನಮ್ಮ ಮನೆಗೇ ಬರುತ್ತಾಳೆ. ದೋಸೆಗೆ ಹಿಟ್ಟು ರುಬ್ಬಿಟ್ಟು ಬಂದಿದ್ದೇನೆ. ನಮಸ್ಕಾರ.