ದೊಡ್ಡ ಬೋರ್ ರಿವಾಲ್ವರ್: ಆರನೇ ಈಡು ಎಲ್ಲಿಗೆ ಬೀಳುತ್ತದೆ?

ಎಲ್ಲರಿಗೂ ನಮಸ್ಕಾರ.

ಶಿಕಾರಿಗೆ ದೊಡ್ಡ ಬೋರ್, ಅಂದರೆ ಅಗಲ ನಳಿಗೆಯ ರಿವಾಲ್ವರ್ ಬೇಕು ಅಂತ ಬರುವವರು ಮೊದಲು ಕೇಳುವುದು ಒಂದೇ ಮಾತು: "ಎಲ್ಲಕ್ಕಿಂತ ಜೋರಾಗಿರೋದು ಯಾವುದು?" ನಾನು ತಿರುಗಿ ಕೇಳುತ್ತೇನೆ, ನಿಮ್ಮ ಆರನೇ ಈಡು ಎಲ್ಲಿಗೆ ಬೀಳುತ್ತದೆ? ಮೊದಲನೆಯದು ಯಾರದ್ದಾದರೂ ಗುರಿಗೆ ಬೀಳಬಹುದು ಬಿಡಿ. ಕೈ ನಡುಗಲು ಶುರುವಾಗುವುದು ಆಮೇಲೆ.

.44 ಮ್ಯಾಗ್ನಂನಿಂದ ಶುರು ಮಾಡೋಣ. ಎಲ್ಮರ್ ಕೀತ್ ಎಂಬ ಅಮೆರಿಕದ ಶಿಕಾರಿ ಬರಹಗಾರ .44 ಸ್ಪೆಷಲ್ ತೋಟಾಕ್ಕೆ ಜಾಸ್ತಿ ಮದ್ದು ತುಂಬಿ ವರ್ಷಗಟ್ಟಲೆ ಪ್ರಯೋಗ ಮಾಡಿದ್ದ. ಇಂಥದ್ದನ್ನು ನೀವೇ ತಯಾರಿಸಿ ಅಂತ ಕಂಪನಿಗಳ ಬೆನ್ನು ಹತ್ತಿದ್ದ. 1955ರಲ್ಲಿ ರೆಮಿಂಗ್ಟನ್ ತೋಟಾ ಮಾಡಿತು, ಸ್ಮಿತ್ ಆಂಡ್ ವೆಸನ್ ರಿವಾಲ್ವರ್ ಮಾಡಿತು. ಹೆಸರು .44 ಇಂಚು ಅನ್ನುತ್ತದೆ, ಗುಂಡಿನ ಅಡ್ಡಳತೆ ಮಾತ್ರ .429 ಇಂಚು! ಹೆಸರು ನಂಬಿ ಲೆಕ್ಕ ಹಾಕಬೇಡಿ. ಸಾಮಾನ್ಯವಾಗಿ 240 ಗ್ರೇನ್ ಗುಂಡು, ಅಂದರೆ ಹದಿನೈದೂವರೆ ಗ್ರಾಂ, ಸೆಕೆಂಡಿಗೆ 400 ಮೀಟರ್ ಆಸುಪಾಸು ಹೋಗುತ್ತದೆ. ಹತ್ತಿರದಿಂದ ಹೊಡೆಯುವುದಾದರೆ ಜಿಂಕೆಗೂ ಕಾಡುಹಂದಿಗೂ ಧಾರಾಳವಾಗಿ ಸಾಕು. ಅದೇ ರಿವಾಲ್ವರಿನಲ್ಲಿ .44 ಸ್ಪೆಷಲ್ ಹಾಕಿ ನಿಧಾನವಾಗಿ ಕಲಿಯಬಹುದು.

ಇದರ ಮೇಲಿನ ಮೆಟ್ಟಿಲು .454 ಕಸುಲ್. ಡಿಕ್ ಕಸುಲ್ 1950ರ ದಶಕದಲ್ಲೇ ಇದರ ಕೆಲಸ ಶುರು ಮಾಡಿದರು. ಅದಕ್ಕೆ ಫ್ರೀಡಂ ಆರ್ಮ್ಸ್ ಕಂಪನಿಯ ರಿವಾಲ್ವರ್ ಮಾರುಕಟ್ಟೆಗೆ ಬಂದದ್ದು 1983ರಲ್ಲಿ. ಮದ್ದು ಉರಿದಾಗ .44 ಮ್ಯಾಗ್ನಂನ ಒತ್ತಡದ ಮಿತಿ ಚದರ ಇಂಚಿಗೆ 36,000 ಪೌಂಡ್, ಕಸುಲ್‌ನದು 65,000. ಆ ವ್ಯತ್ಯಾಸ ನೇರವಾಗಿ ಅಂಗೈಗೆ ಬಂದು ಬಡಿಯುತ್ತದೆ. ಆದರೂ ಇದು ನನಗಿಷ್ಟ. 1873ರ ಹಳೆಯ .45 ಕೋಲ್ಟ್ ತೋಟಾವೂ ಇದರಲ್ಲಿ ನಡೆಯುತ್ತದೆ. ಒಂದೇ ತೊಂದರೆ, ಗಿಡ್ಡ ತೋಟಾ ಹೊಡೆದೂ ಹೊಡೆದೂ ತೋಟಾ ಕೂರುವ ಗೂಡಿನೊಳಗೆ ಮಸಿಯ ಉಂಗುರ ಕಟ್ಟುತ್ತದೆ. ಉಜ್ಜಿ ತೆಗೆಯದಿದ್ದರೆ ಉದ್ದದ ತೋಟಾ ಸಲೀಸಾಗಿ ಕೂರುವುದಿಲ್ಲ.

2003ರಲ್ಲಿ .500 ಸ್ಮಿತ್ ಆಂಡ್ ವೆಸನ್ ಬಂತು. ಐದೇ ತೋಟಾ, ಉದ್ದ ನಳಿಗೆಯದಾದರೆ ಸುಮಾರು ಎರಡು ಕೆಜಿ ತೂಕ. ಅದನ್ನು ಸೊಂಟಕ್ಕೆ ಕಟ್ಟಿಕೊಂಡು ಒಂದು ದಿನ ಗುಡ್ಡ ಹತ್ತಿ ನೋಡಿ, ಆಮೇಲೆ ಮಾತಾಡೋಣ. ದೊಡ್ಡ ಕರಡಿ ಇರುವ ಕಾಡಿನಲ್ಲಿ ಅದಕ್ಕೆ ಅರ್ಥ ಇದೆ. ಜಿಂಕೆಗೆ ಸುಮ್ನೆ ದಂಡ. 2005ರ .460 ಅದಕ್ಕಿಂತ ಜಾಣ. ಹಗುರ ಗುಂಡು ಸೆಕೆಂಡಿಗೆ 600 ಮೀಟರ್ ದಾಟುತ್ತದೆ, ದೂರಕ್ಕೂ ದಾರಿ ಹೆಚ್ಚು ಬಾಗುವುದಿಲ್ಲ. .454, .45 ಕೋಲ್ಟ್ ಎರಡೂ ಅದರಲ್ಲಿ ಹಿಡಿಸುತ್ತವೆ. .480 ರೂಗರ್ ಬಗ್ಗೆ ಯಾರೂ ಕೇಳುವುದಿಲ್ಲ, ಪಾಪ. ಕಡಿಮೆ ಒತ್ತಡದಲ್ಲೇ ಭಾರದ ಗುಂಡು ತಳ್ಳುವ ಒಳ್ಳೆಯ ತೋಟಾ ಅದು.

ಈಗ ಕೈಯ ವಿಷಯ. ಗೆಳೆಯನಿಗೆ ಹೇಳಿ, ನಿಮಗೆ ಕಾಣದಂತೆ ಎರಡು ಹೊಸ ತೋಟಾ, ಮೂರು ಖಾಲಿ ಕೇಸ್ (ಹೊಡೆದ ಮೇಲೆ ಉಳಿಯುವ ತೋಟಾದ ಚಿಪ್ಪು) ಕಲಸಿ ತುಂಬಲಿ. ಗುರಿ ಹಿಡಿದು ಟ್ರಿಗರ್ ಎಳೆಯಿರಿ. ಖಾಲಿ ಕೇಸ್ ಬಂದಾಗ ಬರೀ 'ಟಕ್' ಅನ್ನುತ್ತದೆ, ಆದರೂ ನಳಿಗೆಯ ತುದಿ ಕೆಳಕ್ಕೆ ಬಾಗುತ್ತದೆ. ಒದೆತ ಬರುವ ಮೊದಲೇ ಕೈ ಹೆದರಿದೆ, ಅಲ್ವಾ? ನಾನು .454 ಹಿಡಿದ ಮೊದಲ ದಿನ ನನ್ನ ತುದಿ ಹೀಗೇ ಬಾಗಿತ್ತು, ಗೆಳೆಯ ನಕ್ಕಿದ್ದ. ಮತ್ತೆ .45 ಕೋಲ್ಟ್‌ಗೆ ಇಳಿದೆ.

ಒದೆತ ಯಂತ್ರಕ್ಕೂ ತೊಂದರೆ ಕೊಡುತ್ತದೆ. ರಿವಾಲ್ವರ್ ರಪ್ಪನೆ ಹಿಂದಕ್ಕೆ ಹಾರಿದಾಗ, ಉಳಿದ ತೋಟಾಗಳ ಗುಂಡು ಇದ್ದಲ್ಲೇ ಇರಲು ನೋಡುತ್ತದೆ. ಕೇಸಿನ ಬಾಯಿ ಗುಂಡನ್ನು ಬಿಗಿಯಾಗಿ ಹಿಡಿದಿರದಿದ್ದರೆ ಗುಂಡು ಮುಂದಕ್ಕೆ ಜಾರಿ ಸಿಲಿಂಡರ್, ಅಂದರೆ ತೋಟಾ ತುಂಬುವ ತಿರುಗುವ ಉರುಳೆ, ಸಿಕ್ಕಿಕೊಳ್ಳುತ್ತದೆ. ಹಂದಿ ಎದುರಿಗೆ ಬಂದಾಗ ಸಿಲಿಂಡರ್ ತಿರುಗದಿದ್ದರೆ ಗತಿ ಏನು? ಇನ್ನೊಂದು, ಸಿಲಿಂಡರ್ ಮತ್ತು ನಳಿಗೆಯ ನಡುವಿನ ಸಂದಿಯಿಂದ ಬಿಸಿ ಅನಿಲ ಚಾಕುವಿನಂತೆ ಪಕ್ಕಕ್ಕೆ ನುಗ್ಗುತ್ತದೆ. ಎಡಗೈ ಹೆಬ್ಬೆರಳು ಅಲ್ಲಿಗೆ ಹೋಗಕೂಡದು. .460, .500ಗಳಲ್ಲಿ ಬೆರಳೇ ಹೋಗಬಹುದು.

ಈ ಮೇಜಿನ ಮೇಲೆ .44, .454, .500ರ ಖಾಲಿ ಕೇಸ್‌ಗಳನ್ನು ಸಾಲಾಗಿ ಇಟ್ಟಿದ್ದೇನೆ. ಒಬ್ಬೊಬ್ಬರಾಗಿ ಬಂದು ಕೈಯಲ್ಲಿ ಹಿಡಿದು ನೋಡಿ. ಪ್ರಶ್ನೆಗಳಿದ್ದರೆ ಆಮೇಲೆ ಕೇಳಿ.