ರೋಹಿಣಿಯ ಬಂಡಿ ಮತ್ತು ಶನಿಯ ಪೀಡೆ

ಕೇಳುಗರಿಗೆ ನಮಸ್ಕಾರ.

'ರೋಹಿಣಿ ಮಳೆಗೆ ಓಣಿಯೆಲ್ಲ ಜೋಳ' ಎಂಬ ಗಾದೆಯನ್ನು ಚಿತ್ರದುರ್ಗದ ಸೀಮೆಯಲ್ಲಿ ಹೊಲ ಮಾಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮೇ ತಿಂಗಳ ಕೊನೆಯ ವಾರದಲ್ಲಿ ಸೂರ್ಯನು ರೋಹಿಣಿಯನ್ನು ಹೊಕ್ಕ ಮೇಲೆ ಬೀಳುವ ಮಳೆಯನ್ನು ನೆಚ್ಚಿಯೇ ಹಲವರು ಬೀಜ ಹೊಂದಿಸಿಕೊಳ್ಳುತ್ತಾರೆ. ಮಹಾಭಾರತದ ಭೀಷ್ಮಪರ್ವದಲ್ಲಿ, ಯುದ್ಧಕ್ಕೆ ಮುಂಚೆ, ಶನಿಯು ರೋಹಿಣಿಯನ್ನು ಪೀಡಿಸುತ್ತ ನಿಂತಿದ್ದಾನೆಂದು ವ್ಯಾಸರು ಧೃತರಾಷ್ಟ್ರನಿಗೆ ಹೇಳುವ ಮಾತಿನ ತೂಕವನ್ನು ಅರಿಯಲು ಈ ಗಾದೆಯಿಂದಲೇ ಹೊರಡಬಹುದು.

ರೋಹಿಣಿಗೆ ಪ್ರಜಾಪತಿಯೇ ಅಧಿದೇವತೆ. ಚಳಿಗಾಲದ ಸಂಜೆ ಚಳ್ಳಕೆರೆ ಕಡೆಯ ಬಯಲಿನಲ್ಲಿ ನಿಂತು ಪೂರ್ವಕ್ಕೆ ನೋಡಿದರೆ, ಕೃತ್ತಿಕೆಯ ಗೊಂಚಲಿನ ಕೆಳಗೆ ಕೆಂಪಗೆ ಹೊಳೆಯುವ ತಾರೆಯೂ, ಅದರ ಜೊತೆಗೆ ಬಂಡಿಯ ಮೂತಿಯಂತೆ ಒಂದೆಡೆ ಚೂಪಾಗಿ ಕೂಡುವ ಚಿಕ್ಕ ತಾರೆಗಳೂ ಕಾಣುತ್ತವೆ. ಇದೇ ರೋಹಿಣೀ ಶಕಟ. ವೃಷಭ ರಾಶಿಯ 17ನೆಯ ಅಂಶದಲ್ಲಿ, ಎಂದರೆ ಡಿಗ್ರಿಯಲ್ಲಿ, ಇರುವ ಗ್ರಹವು ಸೂರ್ಯನ ಹಾದಿಯಿಂದ ದಕ್ಷಿಣಕ್ಕೆ 2 ಅಂಶಕ್ಕಿಂತ ಹೆಚ್ಚು ಸರಿದಿದ್ದರೆ ಅದು ಈ ಬಂಡಿಯನ್ನು ಒಡೆಯುತ್ತದೆಂದು ಹಳೆಯ ಖಗೋಳ ಗ್ರಂಥವಾದ ಸೂರ್ಯಸಿದ್ಧಾಂತವು ಅಳತೆಯನ್ನೇ ಕೊಡುತ್ತದೆ. ಚಂದ್ರನು ಇದರೊಳಗೆ ಆಗಾಗ ಹಾಯ್ದು ಹೋಗುವುದುಂಟು; ಆದರೆ ಶನಿಯು ಒಡೆದರೆ, 'ಏನು ಹೇಳಲಿ, ಜಗತ್ತೆಲ್ಲ ಅನಿಷ್ಟದ ಕಡಲಿನಲ್ಲಿ ಮುಳುಗಿ ನಾಶವಾಗುತ್ತದೆ' ಎಂಬ ಅರ್ಥದಲ್ಲಿ 6ನೆಯ ಶತಮಾನದ ಜ್ಯೋತಿಷಿ ವರಾಹಮಿಹಿರನು ತನ್ನ ಶಕುನಶಾಸ್ತ್ರದ ಗ್ರಂಥವಾದ ಬೃಹತ್ಸಂಹಿತೆಯಲ್ಲಿ ಉದ್ಗರಿಸುತ್ತಾನೆ. ಗ್ರಹಗತಿಯನ್ನು ಗಣಿತದಿಂದ ಕಟ್ಟಿಹಾಕಿದ ಪಂಡಿತನೂ ಇಲ್ಲಿ ಬೆಚ್ಚಿದ್ದಾನೆ.

ಈ ವಾಕ್ಯಗಳನ್ನು ಹಿಡಿದು ಕುರುಕ್ಷೇತ್ರದ ಇಸವಿಯನ್ನು ಲೆಕ್ಕ ಹಾಕುವವರಿದ್ದಾರೆ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ರೋಹಿಣಿಯನ್ನು ಪೀಡಿಸುವ ಶನಿಯೇ ಅದೇ ಪರ್ವದಲ್ಲಿ ತುಸು ಮುಂದೆ ಗುರುವಿನೊಡನೆ ವಿಶಾಖೆಯ ಸಮೀಪದಲ್ಲಿ ಉರಿಯುತ್ತಾನೆ. ವಿಶಾಖೆ ಇರುವುದು ಆಕಾಶದ ಹೆಚ್ಚುಕಡಿಮೆ ಆಚೆಯ ದಿಕ್ಕಿನಲ್ಲಿ. ಸುಮಾರು ಇಪ್ಪತ್ತೊಂಬತ್ತೂವರೆ ವರ್ಷಕ್ಕೆ ಒಂದು ಸುತ್ತು ಹಾಕುವ ಗ್ರಹವು ಎರಡೂ ಕಡೆ ಇರಲಾರದು. ಕುಜನ ಪಾಡೂ ಅಷ್ಟೆ: ಉದ್ಯೋಗಪರ್ವದ ಕರ್ಣನಿಗೆ ಅವನು ಜ್ಯೇಷ್ಠೆಯಲ್ಲಿ ವಕ್ರನಾಗಿ, ಎಂದರೆ ಹಿಮ್ಮುಖವಾಗಿ ಚಲಿಸುವಂತೆ, ಕಂಡರೆ, ವ್ಯಾಸರಿಗೆ ಮಘೆಯಲ್ಲಿ ಕಾಣುತ್ತಾನೆ. ಪಂಚಾಂಗದಲ್ಲಿ ಇಂಥ ತಪ್ಪು ಬಂದರೆ ನಮ್ಮ ಊರಿನ ಜೋಯಿಸರೇ ಅದನ್ನು ಬದಿಗಿಡುತ್ತಾರೆ. ಇವು ಒಂದು ರಾತ್ರಿಯ ಆಕಾಶವನ್ನು ನೋಡಿ ಬರೆದಿಟ್ಟ ಟಿಪ್ಪಣಿಗಳಲ್ಲ, ಸಂಹಿತೆಗಳ ಕಾಲಕ್ಕೆ ಶಾಸ್ತ್ರವಾದ ಉತ್ಪಾತಗಳ, ಎಂದರೆ ಕೇಡಿನ ಮುನ್ಸೂಚನೆಗಳ, ಭಾಷೆ ಎಂದು ಓದಿದರೆ ತೊಡಕು ಬಿಡುತ್ತದೆ. ಬೆಳೆಯ ನಕ್ಷತ್ರಕ್ಕೆ ಶನಿ ತಗುಲಿದನೆಂದರೆ ಪ್ರಜೆಗಳ ಅನ್ನಕ್ಕೇ ಕೇಡು ತಗುಲಿತೆಂದು ಆಗಿನ ಕೇಳುಗರು ತಿಳಿಯುತ್ತಿದ್ದರು.

ಅಲ್ಲಿಯೇ ಇನ್ನೊಂದು ಮಾತಿದೆ. ಮದುವೆಯಲ್ಲಿ ವಧೂವರರಿಗೆ ನಾವು ತೋರಿಸುವ ಅರುಂಧತಿಯು ವಸಿಷ್ಠನನ್ನು ಹಿಂದೆ ಹಾಕಿದ್ದಾಳೆ ಎನ್ನುತ್ತಾರೆ ವ್ಯಾಸರು. ಆಕೆ ಗ್ರಹವಲ್ಲ, ಅವಳಿಗೆ ವಕ್ರಗತಿಯಿಲ್ಲ. ಆದರೂ ಮನೆಯೊಳಗಿನ ಕ್ರಮವೇ ಕೆಟ್ಟಿತೆಂದು ಧೃತರಾಷ್ಟ್ರನಿಗೆ ಹೇಳಲು ಆ ಒಂದು ತಾರೆ ಸಾಕಾಗಿತ್ತು.

ನಮಸ್ಕಾರ.