ಅಮ್ಮನ ಫೋನ್‌ಬುಕ್ ಹೊಸ ಅಕೌಂಟ್‌ಗೆ ಬಂದ ಕತೆ

ಇದು ತಿಪಟೂರಿನ ನಮ್ಮ ಮನೆಯ ಜಗಲಿ. ಬೆಳಗ್ಗೆ ಏಳೂವರೆ. ಅಮ್ಮ ಆಗಲೇ ಡೈರಿಗೆ ಹಾಲು ಹಾಕಿ ಬಂದು, ಕಾಫಿ ಮುಗಿಸಿ ಕೂತಿದ್ದಾರೆ. ಅವರ ಪಕ್ಕ ಎರಡು ಫೋನ್ ಇವೆ ನೋಡಿ. ಹಳೆಯದರ ಬ್ಯಾಟರಿ ಉಬ್ಬಿದೆ, ಹಿಂದಿನ ಮುಚ್ಚಳ ಸ್ವಲ್ಪ ಎದ್ದಿದೆ. ಹೊಸದರ ಮೇಲಿನ ಪ್ಲಾಸ್ಟಿಕ್ ಇನ್ನೂ ತೆಗೆದಿಲ್ಲ. ಹಳೆಯದರಲ್ಲಿರುವ ನಂಬರ್‌ಗಳನ್ನೆಲ್ಲ ಇವತ್ತು ಹೊಸದಕ್ಕೆ ತರಬೇಕು.

ಅದೇ ಗೂಗಲ್ ಅಕೌಂಟ್‌ನಲ್ಲಿ ಲಾಗಿನ್ ಆದರೆ ತಾನಾಗೇ ಬರುತ್ತದೆ ಅಲ್ವಾ ಎಂದು ನೀವು ಕೇಳಬಹುದು. ಬರಬೇಕಿತ್ತು. ಆದರೆ ಆ ಅಕೌಂಟ್ ಅಮ್ಮ ಮಾಡಿಕೊಂಡಿದ್ದಲ್ಲ. ಆರು ವರ್ಷದ ಹಿಂದೆ ಫೋನ್ ಕೊಂಡಾಗ ಅಂಗಡಿಯವರೇ ಐದು ನಿಮಿಷದಲ್ಲಿ ಮಾಡಿಕೊಟ್ಟಿದ್ದು. ಪಾಸ್‌ವರ್ಡ್ ಏನೆಂದು ಅಮ್ಮನಿಗೆ ಅವತ್ತೂ ಹೇಳಲಿಲ್ಲ, ಎಲ್ಲೂ ಬರೆದುಕೊಡಲಿಲ್ಲ. ಮರೆತರೆ ಓಟಿಪಿ ಹೋಗುವ ನಂಬರ್ ಯಾರದೋ ಗೊತ್ತಿಲ್ಲ. ಹಳೆಯ ಫೋನಿನಲ್ಲಿ ಮಾತ್ರ ಆ ಅಕೌಂಟ್ ತೆರೆದಿದೆ. ಫೋನ್ ಸತ್ತರೆ ಅದರ ಬಾಗಿಲು ಮುಚ್ಚಿದ ಹಾಗೆ.

ಇನ್ನೂ ಒಂದು ವಿಷಯ ಇದೆ. ಎರಡು ವರ್ಷ ಯಾರೂ ಬಳಸದ ವೈಯಕ್ತಿಕ ಅಕೌಂಟ್‌ಗಳನ್ನು ಗೂಗಲ್ ಅಳಿಸಬಹುದು. ಆ ನಿಯಮವನ್ನು 2023ರ ಮೇ ತಿಂಗಳಲ್ಲಿ ಹೇಳಿದರು, ಅದೇ ಡಿಸೆಂಬರ್‌ನಿಂದ ಜಾರಿಗೆ ತಂದರು. ಅಂದರೆ ಇವತ್ತು ತರದೇ ಹೋದರೆ ಅಮ್ಮನ ನಂಬರ್‌ಗಳು ಯಾರೂ ತೆರೆಯಲಾಗದ ಒಂದು ಅಕೌಂಟ್‌ನಲ್ಲಿ ಕೂತು, ಕೊನೆಗೆ ಹೋಗಿಬಿಡುತ್ತವೆ.

ಉಬ್ಬಿದ ಬ್ಯಾಟರಿಯನ್ನು ಚಾರ್ಜ್‌ಗೆ ಹಾಕಬಾರದು. ದಯವಿಟ್ಟು ನೀವೂ ಹಾಕಬೇಡಿ, ಬೆಂಕಿ ಹತ್ತುವ ಅಪಾಯ ಇರುತ್ತದೆ. ಫೋನಿನಲ್ಲಿ 58 ಪರ್ಸೆಂಟ್ ಚಾರ್ಜ್ ಉಳಿದಿತ್ತು. ಅಷ್ಟರಲ್ಲೇ ಕೆಲಸ ಮುಗಿಯಬೇಕಿತ್ತು.

ಮೊದಲು ನಂಬರ್‌ಗಳು ಎಲ್ಲೆಲ್ಲಿ ಇವೆ ಎಂದು ನೋಡಿದೆ. ಪರದೆಯ ಮೇಲೆ ಎಲ್ಲವೂ ಒಂದೇ ಪಟ್ಟಿಯಾಗಿ ಕಾಣುತ್ತವೆ. ಆದರೆ ಅವು ಮೂರು ಕಡೆ ಹಂಚಿಹೋಗಿದ್ದವು. ಕೆಲವು ಆ ಅಕೌಂಟ್‌ನಲ್ಲಿ, ಕೆಲವು ಫೋನಿನ ಒಳಗೆ ಮಾತ್ರ, ಇನ್ನು ಕೆಲವು ಸಿಮ್ ಕಾರ್ಡ್‌ನಲ್ಲಿ. ಕಾಂಟ್ಯಾಕ್ಟ್ಸ್ ಆ್ಯಪ್‌ನಲ್ಲಿ ಒಂದೊಂದು ಜಾಗವನ್ನೇ ಬೇರೆ ಮಾಡಿ ನೋಡಬಹುದು. ಲೆಕ್ಕ ಹಾಕಿದೆ: ಅಕೌಂಟ್‌ನಲ್ಲಿ 173, ಫೋನಿನಲ್ಲಿ 88, ಸಿಮ್‌ನಲ್ಲಿ 31. ಈ ಎಣಿಕೆ ಬಹಳ ಮುಖ್ಯ. ಆ ಕಡೆ ಹೋದ ಮೇಲೆ ಎಲ್ಲ ಬಂದವಾ ಎಂದು ತಿಳಿಯಲು ಬೇರೆ ದಾರಿ ಇಲ್ಲ.

ಈಗ ಅಮ್ಮನ ಪಟ್ಟಿಯನ್ನೇ ನೋಡಿ. ನಂಬರ್‌ಗಳನ್ನು ಮುಚ್ಚಿದ್ದೇನೆ, ಹೆಸರು ಮಾತ್ರ ಕಾಣುತ್ತದೆ. "ಕಾಯಿ ಕೀಳೋರು". "ಹಸು ಡಾಕ್ಟ್ರು". "ನೀಲಿ ಗೇಟ್ ಮನೆ". "ಅರಸೀಕೆರೆ ಅತ್ತೆ". "ಗ್ಯಾಸ್ ಅಣ್ಣ". "ಕೆಇಬಿ". ಕರೆಂಟ್ ಹೋದಾಗ ಅಮ್ಮ ಫೋನ್ ಮಾಡುವುದು ಈ ಕೆಇಬಿಗೇ. ಕೆಇಬಿ 1999ರಲ್ಲಿ ಕೆಪಿಟಿಸಿಎಲ್ ಆಯಿತು, 2002ರಲ್ಲಿ ನಮ್ಮ ಕಡೆಗೆ ಬೆಸ್ಕಾಂ ಬಂತು. ಅಮ್ಮನಿಗೆ ಅದು ಇವತ್ತಿಗೂ ಕೆಇಬಿ. ಅವರು ಹುಡುಕುವುದು "ಕ" ಅಕ್ಷರದ ಕೆಳಗೆ. ಅದನ್ನು ನಾನು ಬೆಸ್ಕಾಂ ಎಂದು ತಿದ್ದಿದರೆ, ರಾತ್ರಿ ಕರೆಂಟ್ ಹೋದ ಹೊತ್ತಿಗೆ ಅಮ್ಮನಿಗೆ ನಂಬರ್ ಸಿಗುವುದಿಲ್ಲ.

ಇದು ನನಗೆ ಅರ್ಥವಾಗುವ ಮೊದಲು ನಾನು ಒಂದು ತಪ್ಪು ಮಾಡಿದ್ದೆ. ಅದನ್ನು ಹೇಳಲೇಬೇಕು, ಯಾಕೆಂದರೆ ಬಹಳ ಜನ ಇಲ್ಲೇ ಎಡವುತ್ತಾರೆ.

ಹಳೆಯ ಫೋನಿನ ಬ್ರೌಸರ್‌ನಲ್ಲಿ ಗೂಗಲ್ ಕಾಂಟ್ಯಾಕ್ಟ್ಸ್ ತೆರೆದೆ. ಅಲ್ಲಿ ಎಕ್ಸ್‌ಪೋರ್ಟ್ ಒತ್ತಿದರೆ ಯಾವ ರೂಪದಲ್ಲಿ ಬೇಕು ಎಂದು ಕೇಳುತ್ತದೆ. ಒಂದು ಸಿಎಸ್‌ವಿ, ಇನ್ನೊಂದು ವಿಕಾರ್ಡ್. ನಾನು ಸಿಎಸ್‌ವಿ ಆರಿಸಿದೆ. ಅದು ಟೇಬಲ್ ಥರ ಇರುತ್ತದೆ, ಲ್ಯಾಪ್‌ಟಾಪ್‌ನಲ್ಲಿ ತೆರೆದು ಹೆಸರುಗಳನ್ನು ಒಪ್ಪ ಮಾಡಿಬಿಡೋಣ ಎಂದುಕೊಂಡೆ. ಸ್ಪ್ರೆಡ್‌ಶೀಟ್‌ನಲ್ಲಿ ತೆರೆದೆ. ಕನ್ನಡದ ಹೆಸರುಗಳ ಜಾಗದಲ್ಲಿ ಓದಲಾಗದ ಗೀಟು, ಚುಕ್ಕೆಗಳು ಬಂದಿದ್ದವು. ನಂಬರ್‌ಗಳ ಕಾಲಂನಲ್ಲಿ 9.19ಇ+11 ಎಂದಿತ್ತು.

ಯಾಕೆ ಹೀಗಾಯಿತು ಎಂದು ಹೇಳುತ್ತೇನೆ. ಫೈಲಿನಲ್ಲಿ ಒಂದೊಂದು ಕನ್ನಡ ಅಕ್ಷರವೂ ಮೂರು ಬೈಟ್‌ಗಳಾಗಿ, ಅಂದರೆ ಮೂರು ಚಿಕ್ಕ ತುಂಡುಗಳಾಗಿ ಕೂತಿರುತ್ತದೆ. ಅದು ಯುಟಿಎಫ್-8 ಎಂಬ ಪದ್ಧತಿ. ಸ್ಪ್ರೆಡ್‌ಶೀಟ್ ಅದನ್ನು ಯುಟಿಎಫ್-8 ಎಂದು ಗುರುತಿಸದಿದ್ದರೆ ಒಂದೊಂದು ಬೈಟನ್ನೂ ಬೇರೆ ಬೇರೆ ಅಕ್ಷರ ಮಾಡಿ ತೋರಿಸುತ್ತದೆ. ಇನ್ನು ಫೋನ್ ನಂಬರ್. ಪ್ಲಸ್ 91 ಸೇರಿ 12 ಅಂಕಿ. ಸ್ಪ್ರೆಡ್‌ಶೀಟ್‌ಗೆ ಅದು ಒಂದು ದೊಡ್ಡ ಸಂಖ್ಯೆ ಅಷ್ಟೆ, ಹಾಗಾಗಿ ಚಿಕ್ಕದು ಮಾಡಿ ತೋರಿಸುತ್ತದೆ. ಸೊನ್ನೆಯಿಂದ ಶುರುವಾಗುವ ಲ್ಯಾಂಡ್‌ಲೈನ್ ನಂಬರ್ ಆದರೆ ಆ ಸೊನ್ನೆಯೂ ಹೋಗುತ್ತದೆ. ಸುಮ್ನೆ ತೆರೆದು ನೋಡಿ ಮುಚ್ಚಿದರೆ ತೊಂದರೆ ಇಲ್ಲ. ಸೇವ್ ಮಾಡಿದರೆ ಕತೆ ಮುಗಿಯಿತು. 9.19ಇ+11 ಎಂಬುದೇ ಫೈಲಿಗೆ ಸೇರುತ್ತದೆ, ಉಳಿದ ಅಂಕಿಗಳು ಮತ್ತೆ ಸಿಗುವುದಿಲ್ಲ.

ನಾನು ಸೇವ್ ಮಾಡಿದ್ದೆ. ಅದನ್ನೇ ಅಮ್ಮನ ಹೊಸ ಅಕೌಂಟ್‌ಗೆ ಇಂಪೋರ್ಟ್ ಕೂಡ ಮಾಡಿದ್ದೆ.

ಅಮ್ಮ ಹೊಸ ಫೋನ್ ಕೈಗೆ ತೆಗೆದುಕೊಂಡು ಒಂದು ನಿಮಿಷ ಸುಮ್ಮನೆ ನೋಡಿದರು. ಆಮೇಲೆ, "ಇದರಲ್ಲಿ ನಮ್ಮೋರು ಯಾರೂ ಇಲ್ವಲ್ಲೇ" ಎಂದರು. ನನಗೆ ಎದೆ ಧಸಕ್ಕೆಂದಿತು.

ಅದೃಷ್ಟಕ್ಕೆ ಹಳೆಯ ಫೋನಿನಲ್ಲಿ ಎಲ್ಲವೂ ಇದ್ದ ಹಾಗೇ ಇತ್ತು. ಎಕ್ಸ್‌ಪೋರ್ಟ್ ಅಂದರೆ ನಕಲು ತೆಗೆಯುವುದು, ಮೂಲಕ್ಕೆ ಏನೂ ಆಗುವುದಿಲ್ಲ. ಹೊಸ ಅಕೌಂಟ್‌ನಲ್ಲಿ ಸೇರಿದ ಕಸವನ್ನು ತೆಗೆಯುವುದೂ ಸುಲಭ. ಗೂಗಲ್ ಕಾಂಟ್ಯಾಕ್ಟ್ಸ್‌ನಲ್ಲಿ ಫೈಲ್ ಇಂಪೋರ್ಟ್ ಮಾಡಿದಾಗ ಆ ದಿನದ ತಾರೀಖು ಹೊತ್ತ ಒಂದು ಲೇಬಲ್ ಬೀಳುತ್ತದೆ. ಆ ಲೇಬಲ್ ತೆರೆದು, ಒಳಗಿರುವುದನ್ನೆಲ್ಲ ಆರಿಸಿ ಅಳಿಸಿದರೆ ಆಯಿತು. ತಪ್ಪಾಗಿ ಅಳಿಸಿದರೂ 30 ದಿನ ಕಸದ ಬುಟ್ಟಿಯಲ್ಲಿ ಇರುತ್ತದೆ. ಇಡೀ ಪಟ್ಟಿಯನ್ನು ಹಿಂದಿನ ದಿನದ ಸ್ಥಿತಿಗೆ ತರುವ ಅನ್‌ಡೂ ಕೂಡ ಇದೆ, ಅದಕ್ಕೂ 30 ದಿನದ ಮಿತಿ.

ಎರಡನೇ ಸಲ ವಿಕಾರ್ಡ್ ದಾರಿ ಹಿಡಿದೆ. ಫೈಲಿನ ಕೊನೆಯಲ್ಲಿ ಡಾಟ್ ವಿಸಿಎಫ್ ಎಂದಿರುತ್ತದಲ್ಲ, ಅದೇ. ಇದು ಹಳೆಯ ಪದ್ಧತಿ. 1990ರ ದಶಕದ ನಡುವೆ ಆ್ಯಪಲ್, ಎಟಿ ಆ್ಯಂಡ್ ಟಿ, ಐಬಿಎಂ, ಸೀಮೆನ್ಸ್ ಕಂಪನಿಗಳು ಸೇರಿ ವಿಸಿಟಿಂಗ್ ಕಾರ್ಡನ್ನು ಕಂಪ್ಯೂಟರ್‌ನಿಂದ ಕಂಪ್ಯೂಟರ್‌ಗೆ ಕಳಿಸಲು ಮಾಡಿದ್ದು. ನಾಲ್ಕನೇ ಆವೃತ್ತಿ ಬಂದಿದ್ದು 2011ರಲ್ಲಿ. ಐಕ್ಲೌಡ್ ಆಗಲಿ, ಗೂಗಲ್ ಆಗಲಿ, ಎಲ್ಲರಿಗೂ ಈ ಭಾಷೆ ಗೊತ್ತು. ಒಬ್ಬೊಬ್ಬರಿಗೂ ಒಂದೊಂದು ಕಾರ್ಡ್. ಹೆಸರಿಗೆ ಒಂದು ಸಾಲು, ನಂಬರಿಗೆ ಒಂದು ಸಾಲು, ಹುಟ್ಟಿದ ದಿನಕ್ಕೆ ಒಂದು ಸಾಲು. ಫೋಟೊ ಕೂಡ ಅದರೊಳಗೇ ಅಕ್ಷರಗಳಾಗಿ ಕೂರುತ್ತದೆ.

ಆ ಫೋಟೊ ಎಷ್ಟು ಮುಖ್ಯ ಎಂದು ನನಗೆ ಗೊತ್ತಿರಲಿಲ್ಲ. ಅಮ್ಮ ಕನ್ನಡಕ ಹಾಕದೆ ಫೋನ್ ನೋಡುತ್ತಾರೆ. ಹೆಸರು ಓದುವುದಕ್ಕಿಂತ ಚಿತ್ರ ನೋಡಿ ಒತ್ತುವುದೇ ಜಾಸ್ತಿ. "ನೀಲಿ ಗೇಟ್ ಮನೆ"ಗೆ ಗೇಟಿನದೇ ಫೋಟೊ ಇದೆ. ಹಸು ಡಾಕ್ಟ್ರಿಗೆ ಅವರ ಕೆಂಪು ಬೈಕಿನ ಫೋಟೊ. ಸಿಎಸ್‌ವಿ ಬರೀ ಅಕ್ಷರಗಳ ಟೇಬಲ್. ಹೆಸರು, ನಂಬರ್ ಸರಿಯಾಗಿ ಬಂದಿದ್ದರೂ ಫೋಟೊಗಳು ಬರುತ್ತಿರಲಿಲ್ಲ.

ಹಾಗಾಗಿ ಹಳೆಯ ಫೋನಿನ ಕಾಂಟ್ಯಾಕ್ಟ್ಸ್ ಆ್ಯಪ್‌ನಿಂದಲೇ ಫೈಲಿಗೆ ಎಕ್ಸ್‌ಪೋರ್ಟ್ ಮಾಡಿದೆ. ಯಾವ ಜಾಗದ ನಂಬರ್‌ಗಳು ಬೇಕು ಎಂದು ಕೇಳುತ್ತದೆ. ಅಕೌಂಟ್ ಮತ್ತು ಫೋನ್ ಎರಡನ್ನೂ ಆರಿಸಿದೆ. ಆ ಫೈಲನ್ನು ಲ್ಯಾಪ್‌ಟಾಪ್‌ನಲ್ಲಿ ತೆರೆದರೆ ನಿಮಗೆ ಗಾಬರಿಯಾಗಬಹುದು. ಕನ್ನಡ ಹೆಸರಿನ ಜಾಗದಲ್ಲಿ ಇ0, ಬಿ2, 85 ಎಂದು ಸಾಲುಸಾಲಾಗಿ ಇರಬಹುದು. ಹೆದರಬೇಡಿ, ಇದು ಕೆಟ್ಟಿದ್ದಲ್ಲ. ಇ0 ಬಿ2 85 ಈ ಮೂರು ಬೈಟ್ ಸೇರಿದರೆ ನಮ್ಮ "ಅ". ವಿಕಾರ್ಡಿನ ಹಳೆಯ ಆವೃತ್ತಿ ಅದನ್ನು ಹೀಗೆ ಬಿಡಿಸಿ ಬರೆಯುತ್ತದೆ. ಹೊಸ ಫೋನ್ ಓದುವಾಗ ಮತ್ತೆ "ಅ" ಆಗುತ್ತದೆ. ಅದನ್ನು ತಿದ್ದಲು ಮಾತ್ರ ಹೋಗಬೇಡಿ.

ಫೈಲನ್ನು ಬ್ಲೂಟೂತ್‌ನಲ್ಲಿ ಕಳಿಸಿದೆ. ವಾಟ್ಸ್‌ಆ್ಯಪ್‌ನಲ್ಲಿ ಯಾರಿಗೋ ಕಳಿಸಿ ಮತ್ತೆ ತರಿಸಿಕೊಳ್ಳುವುದು ನನಗೆ ಇಷ್ಟವಾಗಲಿಲ್ಲ. ನಂಬರ್ ವರ್ಗಾಯಿಸಿಕೊಡುತ್ತೇವೆ ಎನ್ನುವ ಗೊತ್ತುಗುರಿ ಇಲ್ಲದ ಆ್ಯಪ್‌ಗಳನ್ನಂತೂ ಮುಟ್ಟಲೇ ಇಲ್ಲ. ಆ ಫೈಲಿನಲ್ಲಿ ಇರುವುದು ನಮ್ಮ ಆಸ್ತಿ ಅಲ್ಲ. ಇನ್ನೂರ ಚಿಲ್ಲರೆ ಜನ ಅಮ್ಮನನ್ನು ನಂಬಿ ಕೊಟ್ಟ ನಂಬರ್‌ಗಳು ಅವು.

ಹೊಸ ಫೋನಿನಲ್ಲಿ ಫೈಲ್ ಒತ್ತಿದಾಗ ಎಲ್ಲಿ ಉಳಿಸಲಿ ಎಂದು ಕೇಳಿತು. ಅಮ್ಮನ ಹೊಸ ಅಕೌಂಟ್ ಆರಿಸಿದೆ. 261 ಬರಬೇಕಿತ್ತು, 261 ಬಂದವು. ಕನ್ನಡ ಸರಿಯಾಗಿತ್ತು. ಫೋಟೊಗಳು ಸ್ವಲ್ಪ ಮಸುಕಾಗಿದ್ದರೂ ಗುರುತು ಸಿಗುತ್ತಿತ್ತು. ಆದರೆ ಹೆಸರುಗಳು ಹಿಂದುಮುಂದಾಗಿದ್ದವು. "ಅಣ್ಣ, ಗ್ಯಾಸ್". "ಅತ್ತೆ, ಅರಸೀಕೆರೆ". ಕೊನೆಯ ಪದವನ್ನು ಮನೆತನದ ಹೆಸರು ಎಂದುಕೊಂಡು ಮುಂದೆ ತಂದಿತ್ತು. ಸೆಟ್ಟಿಂಗ್ಸ್‌ನಲ್ಲಿ ಹೆಸರಿನ ಕ್ರಮ ಬದಲಿಸಿದರೆ ಸಾಕು, ಒಂದೇ ಸಲಕ್ಕೆ ಸರಿಹೋಗುತ್ತದೆ. ನಮ್ಮಲ್ಲಿ ಊರು, ಕೆಲಸ ಮುಂದೆ ಬರುತ್ತದೆ, ಸಂಬಂಧ ಹಿಂದೆ ಬರುತ್ತದೆ.

ಸಿಮ್ ನಂಬರ್‌ಗಳಿಗೆ ಸ್ವಲ್ಪ ಕಷ್ಟಪಟ್ಟೆವು. ಸಿಮ್‌ನಲ್ಲಿ ಹೆಸರಿಗೆ ಇರುವ ಜಾಗವೇ ಚಿಕ್ಕದು. ಕನ್ನಡ ಅಕ್ಷರ ಇಂಗ್ಲಿಷಿಗಿಂತ ಜಾಸ್ತಿ ಜಾಗ ತಿನ್ನುತ್ತದೆ, ಹಾಗಾಗಿ ಬೇಗ ಕತ್ತರಿಸಿಹೋಗುತ್ತದೆ. "ಹಾಲಿನ" ಎಂದು ಮೂರು ನಂಬರ್ ಇದ್ದವು. ಹಾಲಿನ ಡೈರಿಯಾ, ಹಾಲಿನ ಹುಡುಗನಾ, ಹಾಲಿನ ಲೆಕ್ಕದವರಾ? ಅಮ್ಮ ನಂಬರಿನ ಕೊನೆಯ ನಾಲ್ಕು ಅಂಕಿ ಕೇಳಿ ಎರಡನ್ನು ಥಟ್ಟನೆ ಹೇಳಿದರು. ಮೂರನೆಯದಕ್ಕೆ ಫೋನ್ ಮಾಡಿಯೇ ಕೇಳಿದರು. ಹಿಂಡಿ ಅಂಗಡಿಯಂತೆ. ಹತ್ತು ನಿಮಿಷ ಮಾತೂ ಆಯಿತು. ಎಸ್‌ಟಿಡಿ ಕೋಡ್ ಇಲ್ಲದ ಆರಂಕಿಯ ಲ್ಯಾಂಡ್‌ಲೈನ್‌ಗಳು ಐದಿದ್ದವು. ಅವುಗಳಲ್ಲಿ ಎರಡು ಮಾತ್ರ ಈಗಲೂ ರಿಂಗ್ ಆಗುತ್ತವೆ.

ಈಗ ಈ ಪರದೆ ನೋಡಿ. ಒಂದೇ ಹೆಸರಿನವರನ್ನು ಒಟ್ಟು ಮಾಡಲಾ ಎಂದು ಆ್ಯಪ್ ಕೇಳುತ್ತಿದೆ. "ಚಿಕ್ಕಮ್ಮ" ಮತ್ತು "ಚಿಕ್ಕಮ್ಮ". ನಾನು ಸರಿ ಎಂದು ಒತ್ತಲು ಹೋದೆ, ಅಮ್ಮ ಕೈ ಹಿಡಿದರು. ಒಬ್ಬರು ಅಮ್ಮನ ಚಿಕ್ಕಮ್ಮ, ಇನ್ನೊಬ್ಬರು ನನ್ನ ಚಿಕ್ಕಮ್ಮ. ನನ್ನ ಚಿಕ್ಕಮ್ಮನನ್ನು ನನಗೆ ಹೇಳುವಾಗ ಹೇಗೆ ಕರೆಯುತ್ತಾರೋ ಹಾಗೇ ಸೇವ್ ಮಾಡಿದ್ದಾರೆ. ಒಬ್ಬರ ಫೋಟೊದಲ್ಲಿ ತುಳಸಿಕಟ್ಟೆ, ಇನ್ನೊಬ್ಬರದರಲ್ಲಿ ಮೊಮ್ಮಗು. ಅಮ್ಮನಿಗೆ ಅಷ್ಟು ಸಾಕು. ಅವರ ಪಕ್ಕ ಕೂರದೆ, ಬೆಂಗಳೂರಿನಲ್ಲಿ ಕೂತು ಈ ಕೆಲಸ ಮಾಡಿದ್ದರೆ ನಾನು ಇಬ್ಬರು ಚಿಕ್ಕಮ್ಮಂದಿರನ್ನು ಒಬ್ಬರನ್ನಾಗಿ ಮಾಡಿಬಿಡುತ್ತಿದ್ದೆ.

ನನ್ನದೇ ನಾಲ್ಕು ನಂಬರ್ ಇದ್ದವು. "ಮಗಳು", "ಮಗಳು ಹಾಸ್ಟೆಲ್", "ಮಗಳು ಪುಣೆ", "ಮಗಳು ಹೊಸದು". ಮೂರು ನಂಬರ್ ಈಗ ನನ್ನವಲ್ಲ. ಅಮ್ಮನನ್ನು ಕೇಳಿ ಅಳಿಸಿದೆ, "ಹೊಸದು" ಎನ್ನುವುದನ್ನು "ಮಗಳು" ಮಾಡಿದೆ. ಇಡೀ ದಿನದಲ್ಲಿ ನಾನು ಬದಲಿಸಿದ ಹೆಸರು ಅದೊಂದೇ.

ಕೊನೆಯದಾಗಿ ಕೆಲವು ಕೆಲಸ ಇತ್ತು. ಹೊಸ ನಂಬರ್ ಸೇವ್ ಮಾಡಿದರೆ ಅದು ಸಿಮ್‌ಗೆ ಹೋಗದೆ ಅಕೌಂಟ್‌ಗೇ ಹೋಗುವ ಹಾಗೆ ಸೆಟ್ಟಿಂಗ್ ಇಟ್ಟೆ. ಹೊಸ ಅಕೌಂಟ್‌ನ ರಿಕವರಿಗೆ ಅಮ್ಮನ ನಂಬರ್, ನನ್ನ ಈಮೇಲ್ ಕೊಟ್ಟೆ. ಪಾಸ್‌ವರ್ಡ್ ಅಮ್ಮನೇ ಆರಿಸಿದರು. ಬೀರುವಿನಲ್ಲಿ ಬೀಗ ಹಾಕಿಡುವ ಲೆಕ್ಕದ ಪುಸ್ತಕದಲ್ಲಿ ತಾವೇ ಬರೆದುಕೊಂಡರು. ವಿಸಿಎಫ್ ಫೈಲಿನ ಒಂದು ನಕಲನ್ನು ಪೆನ್‌ಡ್ರೈವ್‌ನಲ್ಲಿ ಇಟ್ಟು, ನನ್ನ ಲ್ಯಾಪ್‌ಟಾಪ್‌ನಿಂದ ಅಳಿಸಿದೆ.

ಹಳೆಯ ಫೋನಿನಲ್ಲಿ ಈಗ 11 ಪರ್ಸೆಂಟ್ ಉಳಿದಿದೆ. ಸಂಜೆ ಐದಾಯಿತು. ಕೊಟ್ಟಿಗೆಯಿಂದ ಅಮ್ಮ ಕೂಗುತ್ತಿದ್ದಾರೆ. ಕರು ಬೆಳಗ್ಗೆಯಿಂದ ಸರಿಯಾಗಿ ಹಾಲು ಕುಡಿದಿಲ್ಲವಂತೆ. ಹೊಸ ಫೋನನ್ನು ಅವರೇ ತೆಗೆದುಕೊಂಡರು, ಕನ್ನಡಕ ಇಲ್ಲ. ಬೆರಳಿನಿಂದ ಪಟ್ಟಿಯನ್ನು ಕೆಳಗೆ ಸರಿಸಿದರು, ಕೆಂಪು ಬೈಕಿನ ಹತ್ತಿರ ನಿಲ್ಲಿಸಿದರು, ಒತ್ತಿದರು. "ಹಲೋ ಡಾಕ್ಟ್ರೇ..."